ಗಂಡನ ಭುಜದ ಮೇಲೆ ಇಂಜಿನ್ನಿನ ಸದ್ದು

ಬೆಳಗಿನ ಆರು ಗಂಟೆ. ತಗಡಿನ ಶೆಡ್ಡಿನಲ್ಲಿ ರಾತ್ರಿಯಿಡೀ ನಿಂತು ತಣ್ಣಗಾದ ಹಳೆಯ ಕಾರೊಂದರ ಬಾನೆಟ್ ತೆರೆದಿದೆ. ಅದರ ಮುಂದೆ ಅರವತ್ತು ದಾಟಿದ ಗಂಡ ಹೆಂಡತಿ ನಿಂತಿದ್ದಾರೆ. ಹೆಂಡತಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, "ಹ್ಞೂಂ, ಸ್ಟಾರ್ಟ್ ಮಾಡಪ್ಪ" ಎಂದು ಕಾರಿನೊಳಗೆ ಕೂತ ಡ್ರೈವರಿಗೆ ಹೇಳುತ್ತಾರೆ. ಇಂಜಿನ್ ಕೆಮ್ಮುತ್ತಾ ಎದ್ದು ಲೊಟಕ್ ಲೊಟಕ್ ಎಂದು ಬಡಿದುಕೊಳ್ಳುತ್ತದೆ. ಆಕೆಯ ಎಡಗೈ ಬೆರಳುಗಳು ಅದೇ ಬಡಿತವನ್ನು ಗಂಡನ ಭುಜದ ಮೇಲೆ ಬಾರಿಸತೊಡಗುತ್ತವೆ.

ಗಂಡನಿಗೆ ಕಿವಿ ಕೇಳಿಸುವುದಿಲ್ಲ. ನಲವತ್ತು ವರ್ಷ ಇಂಜಿನ್ನುಗಳ ನಡುವೆ ದುಡಿದು ಎರಡೂ ಕಿವಿ ಹೋಗಿವೆ. ಈಗ ಬಿಚ್ಚುವ ಕೈ ಅವರದು, ಕೇಳುವ ಕಿವಿ ಆಕೆಯದು. ಡ್ರೈವರುಗಳ ಬಾಯಲ್ಲಿ ಆಕೆ 'ಕಿವಿ ಅಕ್ಕ'.

ಶೆಡ್ಡಿನ ಹಿಂದಿನ ಗೋಡೆಗೆ ಅಂಟಿಕೊಂಡೇ ಅವರ ಅಡುಗೆಮನೆ. "ಪಾತ್ರೆ ತೊಳೀತಾ ಗೋಡೆ ಆಚೆ ಗಾಡಿ ನರಳೋದು ಕೇಳ್ತಿತ್ತು. ಇವ್ರು ರಿಪೇರಿ ಮಾಡಿದ್ಮೇಲೆ ಸದ್ದು ಹೇಗೆ ಬದಲಾಯ್ತು ಅಂತಾನೂ ಕೇಳ್ತಿತ್ತು. ಹತ್ತು ವರ್ಷ ಹಂಗೇ ಆಯ್ತು. ಪಾಠ ಅಂತ ಯಾರೂ ಹೇಳ್ಕೊಡ್ಲಿಲ್ಲಪ್ಪ" ಎಂದು ನಗುತ್ತಾರೆ. ಇವರ ಕೆಲಸ ನೋಡಲೆಂದು ಬಂದ ನನಗೋ, ಕಾರು ಶುರುವಾದರೆ ಅದೇ ದೊಡ್ಡ ಸಂಗೀತ.

ಇವತ್ತಿನ ಕಾರು ಒಂದು ಬಾಡಿಗೆ ಟ್ಯಾಕ್ಸಿ. ಇಂಜಿನ್ ಒಳಗಿನ ರಾಡಿನ ಬೇರಿಂಗೇ ಹೋಗಿದೆ, ಇನ್ನು ಇದರ ಕಥೆ ಮುಗಿಯಿತು ಎಂದು ಎರಡು ಗ್ಯಾರೇಜಿನವರು ಕೈಚೆಲ್ಲಿದ್ದಾರೆ. ಹತ್ತು ಗಂಟೆಗೆ ಗುಜರಿಯವನು ಬರುತ್ತಾನೆ. "ಇದು ಹೋದ್ರೆ ಇನ್ನೊಂದು ಗಾಡಿ ತಗೊಳೋಕೆ ನನ್ ಕೈಲಾಗಲ್ಲ ಅಕ್ಕಾ. ಈ ವಯಸ್ಸಲ್ಲಿ ಇನ್ನೊಬ್ರ ಮನೆ ಬಾಗಿಲಿಗೆ ಕೆಲಸ ಕೇಳ್ಕೊಂಡು ಹೋಗ್ಬೇಕು" ಎಂದು ಸ್ಟೇರಿಂಗ್ ಹಿಂದೆ ಕೂತ ಡ್ರೈವರ್ ಹೇಳುತ್ತಾನೆ. ಕಿವಿ ಅಕ್ಕ ಸ್ಕ್ರೂಡ್ರೈವರನ್ನು ಇನ್ನೊಂದು ಕಡೆ ಊರಿ ಮತ್ತೆ ಕಿವಿಗೊಡುತ್ತಾರೆ.

ದಿನಕ್ಕೆ ಎರಡೇ ಗಾಡಿ, ಅದೂ ಹಿಂದಿನ ಸಂಜೆಯೇ ತಂದು ನಿಲ್ಲಿಸಿದ್ದು. ಈ ನಿಯಮಕ್ಕೆ ಹಿಂದೊಮ್ಮೆ ಆದ ತಪ್ಪೇ ಕಾರಣ. "ಓಡಿಸ್ಕೊಂಡು ಬಂದ ಗಾಡಿ, ಬಿಸಿ ಇತ್ತು. ಬಿಸಿಯಾದ್ರೆ ಕೆಲವು ಸದ್ದು ಅಡಗಿಬಿಡುತ್ತೆ, ಕೆಲವು ಜೋರಾಗುತ್ತೆ. ಅವಸರದಲ್ಲಿ ನಾನು ತಪ್ಪು ಹೇಳ್ಬಿಟ್ಟೆ. ಇವ್ರು ಮೂರು ದಿನ ಕೂತು ಇಡೀ ಇಂಜಿನ್ ಬಿಚ್ಚಿದ್ರು. ಒಳಗೆ ಎಲ್ಲಾ ಚೆನ್ನಾಗೇ ಇತ್ತು. ಇವ್ರು ಮತ್ತೆ ಎಲ್ಲಾ ಜೋಡಿಸಿಟ್ರು. ಬೈದಿದ್ರೆ ವಾಸಿ ಇತ್ತು."

ಈಗ ಗಂಡ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆದು ಮತ್ತೆ ಸಿಕ್ಕಿಸುತ್ತಾರೆ. ಯಾವುದನ್ನು ಎಳೆದಾಗ ಬಡಿತ ತಗ್ಗುತ್ತದೋ ಅಲ್ಲಿನ ರಾಡ್ ಕೆಟ್ಟಿದೆ ಎಂದು ಲೆಕ್ಕ. ಒಂದು, ಎರಡು, ಮೂರು. ಪ್ರತಿ ಸಲವೂ ಇಂಜಿನ್ ಕುಂಟುತ್ತದೆ, ಭುಜದ ಮೇಲಿನ ಬೆರಳುಗಳ ಬಡಿತ ಮಾತ್ರ ಚೂರೂ ತಗ್ಗುವುದಿಲ್ಲ. ನಾಲ್ಕನೆಯದಕ್ಕೂ ಅಷ್ಟೇ. ರಾಡಲ್ಲದಿದ್ದರೆ ಈ ಬಡಿತ ಎಲ್ಲಿಯದು? ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಆ ಬೆರಳುಗಳನ್ನೇ ನೋಡುತ್ತಿದ್ದಾನೆ.

ಅಕ್ಕ ಇಂಜಿನ್ ನಿಲ್ಲಿಸಲು ಹೇಳಿ, ಗಂಡನ ಕಣ್ಣೆದುರು ಬೆರಳನ್ನು ಗಾಳಿಯಲ್ಲಿ ಸುತ್ತಿಸುತ್ತಾರೆ. ಅವರು ತಲೆಯಾಡಿಸಿ ಫ್ಯಾನ್ ಬೆಲ್ಟ್ ಕಳಚುತ್ತಾರೆ. ಬೆಲ್ಟಿಲ್ಲದೆ ಇಂಜಿನ್ ಬೇಗ ಕಾಯುತ್ತದೆ, ಹಾಗಾಗಿ ಅರ್ಧ ನಿಮಿಷಕ್ಕೆಂದು ಮತ್ತೆ ಸ್ಟಾರ್ಟ್. ಬಡಿತವೇ ಇಲ್ಲ! ಆಕೆಯ ಅಂಗೈ ಗಂಡನ ಭುಜದ ಮೇಲೆ ಸುಮ್ಮನೆ ಕೂತಿದೆ.

ಇಂಜಿನ್ ನಿಂತ ಮೇಲೆ ಗಂಡ, ಬೆಲ್ಟಿನಿಂದ ತಿರುಗುತ್ತಿದ್ದ ವಾಟರ್ ಪಂಪಿನ ಚಕ್ರವನ್ನು ಹಿಡಿದು ಅಲ್ಲಾಡಿಸುತ್ತಾರೆ. ಅದು ಸಡಿಲ ಹಲ್ಲಿನ ಹಾಗೆ ಓಲಾಡುತ್ತದೆ. "ಪಂಪು ಕಣೋ! ಇಂಜಿನ್ ಗಟ್ಟಿಯಾಗಿದೆ!" ಎನ್ನುತ್ತಾರೆ. ತಮ್ಮ ದನಿ ತಮಗೇ ಕೇಳದ ಕಾರಣ ಸುದ್ದಿ ಇಡೀ ಬೀದಿಗೆ ತಲುಪುತ್ತದೆ. ಡ್ರೈವರ್ ಕೆಳಗಿಳಿದವನು ಟೈರಿಗೊರಗಿ ಕೂತುಬಿಡುತ್ತಾನೆ.

ಹೊಸ ಪಂಪು ಕೂರಿಸುವಷ್ಟರಲ್ಲಿ ಒಂಬತ್ತೂವರೆ. ಗುಜರಿಯವನು ಬಂದಾಗ ಆ ಗಾಡಿ ನಿಂತಿದ್ದ ಜಾಗ ಖಾಲಿ. ಟ್ಯಾಕ್ಸಿ ಆಗಲೇ ಬಾಡಿಗೆಗೆ ಹೋಗಿದೆ.

ಹೊರಡುವ ಮುನ್ನ, ಕಿವಿ ಹೋಗಿದ್ದಕ್ಕೆ ಬೇಸರವಿಲ್ಲವೇ ಎಂದು ಚೀಟಿಯಲ್ಲಿ ಬರೆದು ಗಂಡನಿಗೆ ತೋರಿಸುತ್ತೇನೆ. ಅವರು ಓದಿ, ಕೈ ಒರೆಸಿಕೊಂಡು, ಮತ್ತೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ.

"ಗಾಡಿ ಸರಿಹೋದ್ರೆ ಇವಳ ಕೈ ನನ್ನ ಭುಜದ ಮೇಲೆ ಸುಮ್ನಿರುತ್ತೆ. ಇಡೀ ದಿನ ನಾನು ಕಾಯೋದು ಅದೊಂದಕ್ಕೇ."