ಬೆಂಕಿ ಹಾಕದ ಗೇರುಗುಡ್ಡೆ

ನೆಕ್ರಾಜೆಯ ಗೇರುಗುಡ್ಡೆಗೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ಬೆಳ್ಳಗಿನ ಮಂಜಿನೊಳಗೆ ತರಗೆಲೆ ಸರಸರ ಎನ್ನುತ್ತದೆ. ಹತ್ತಿರ ಹೋದರೆ, ಹರಿಣಾಕ್ಷಿ. ಎಲೆ ಗುಡಿಸಿ ಮರದ ಬುಡದ ಹೊಂಡಕ್ಕೆ ತುಂಬಿ, ಮೇಲೆ ಮಣ್ಣು ಎಳೆಯುತ್ತಾರೆ. ಐವತ್ತೆರಡರ ಪ್ರಾಯ, ದಿನಕ್ಕೆ ಹದಿನೈದು ಮರ. ಬೆನ್ನಿನ ಸುದ್ದಿ ಕೇಳಬೇಡಿ.

ಬಿದ್ದ ಬೀಜ ಕಣ್ಣಿಗೆ ಕಾಣಲೆಂದು ಎಲೆಯನ್ನು ರಾಶಿ ಹಾಕಿ ಸುಡುವುದು ಇಲ್ಲಿನ ರೂಢಿ. ಇಪ್ಪತ್ತು ವರ್ಷ ಇವರೂ ಸುಟ್ಟವರೇ. ಒಂದು ಮಳೆಗಾಲ ಎಲೆಯ ಹೊದಿಕೆಯಿಲ್ಲದ ಮಣ್ಣು ಕೊಚ್ಚಿಹೋಗಿ ಬರೀ ಮುರಕಲ್ಲು ಕಂಡಿತು. ತೋಟದ ಯಜಮಾನ ಲೋಕನಾಥರನ್ನು ಕಾಡಿ ಬೇಡಿ, ಅರ್ಧ ಗುಡ್ಡೆಗೆ ಮೂರು ವರ್ಷ ಬೆಂಕಿ ತಪ್ಪಿಸಿದರು. ಅಷ್ಟರಲ್ಲಿ ಮಣ್ಣಿನ ಸತ್ವದ ಅಳತೆಯಾದ ಇಂಗಾಲ ಹೆಚ್ಚದಿದ್ದರೆ ಮತ್ತೆ ಸುಡುವುದೇ ಎಂದು ಮಾತಾಯಿತು.

ಗಡುವು ಈ ವರ್ಷ ಮುಗಿಯಿತು. ಪರೀಕ್ಷೆಗೆ ಒಣಗಿದ ಮಣ್ಣು ಬೇಕು, ಹೊರಗೆ ಬಿಡದ ಮಳೆ. ಸುಟ್ಟ ಕಡೆಯದ್ದು ಯಜಮಾನರ ಚಾವಡಿಯಲ್ಲಿ ಒಣಗಿತು; ತನ್ನ ಕಡೆಯದ್ದನ್ನು ಹರಿಣಾಕ್ಷಿ ತರಕಾರಿ ಬೀಜ ಇಟ್ಟ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿಟ್ಟರು. ಫಲಿತಾಂಶ ನೋಡಿದರೆ ಅಬ್ಬಾ! ಸುಟ್ಟ ಕಡೆಯ ಮಣ್ಣಿನಲ್ಲಿ ಇಂಗಾಲ ನೂರಕ್ಕೆ ಒಂದು ಪಾಲು, ಇವರ ಕಡೆ ಎರಡೂವರೆ. ಲೋಕನಾಥರು ಹಿಗ್ಗಿದರು. ಹರಿಣಾಕ್ಷಿಗೆ ಮಾತ್ರ ಅನ್ನ ಸೇರಲಿಲ್ಲ. ಅಟ್ಟದಿಂದ ಮಣ್ಣು ಇಳಿಸುವಾಗ ಅದರ ಮೇಲೆ ಮಸಿ ಉದುರಿದ್ದನ್ನು ಕಂಡಿದ್ದರು. ಮಸಿಯೂ ಇಂಗಾಲವೇ ಎಂದು ಕೃಷಿಭವನದ ಅಧಿಕಾರಿ ದೀಪಶ್ರೀ ಹಿಂದೊಮ್ಮೆ ಹೇಳಿದ್ದರು.

ಬಾಯಿ ಮುಚ್ಚಿ ಕೂತಿದ್ದರೆ ಗುಡ್ಡೆ ಉಳಿಯುತ್ತಿತ್ತು. ಕೂರಲಿಲ್ಲ ಈ ಪುಣ್ಯಾತ್ಗಿತ್ತಿ. ಮರುದಿನವೇ ಯಜಮಾನರ ಜಗಲಿಯಲ್ಲಿ ಹೇಳಿಬಿಟ್ಟರು: “ಅದು ನನ್ನ ಒಲೆಯದ್ದು ಅಣ್ಣ, ಗುಡ್ಡೆಯದ್ದಲ್ಲ. ಇನ್ನೊಮ್ಮೆ ನೋಡಿಸಿ.”

ಎರಡನೇ ಸಲ ಮಣ್ಣು ಚಾವಡಿಯ ನೆರಳಲ್ಲಿ ನಿಧಾನಕ್ಕೆ ಒಣಗಿತು. ಬಂದದ್ದು ಒಂದೂಕಾಲು. ಲೋಕನಾಥರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂರು ವರ್ಷದ ಬೆವರಿಗೆ ಇಷ್ಟೆಯಾ ಎಂದು ಗೊಣಗಿದರು. ಕೊನೆಗೆ, ಸುಳ್ಳು ಹೇಳಿ ಗೆಲ್ಲಬಹುದಾಗಿದ್ದವಳು ನಿಜ ಹೇಳಿದ ಮೇಲೆ ಇನ್ನೆಂತ ಮಾತು ಎನ್ನುತ್ತಾ ಉಳಿದರ್ಧ ಗುಡ್ಡೆಯಲ್ಲೂ ಬೆಂಕಿ ಬೇಡವೆಂದರು.

ಹಾಗಾಗಿ ಈಗ ಆ ಕಡೆಯೂ ಹೊಂಡ ತೋಡುತ್ತಿದ್ದಾರೆ. ಬಿಸಿಲು ಎಲೆಗಳ ಸಂದಿಯಿಂದ ಜಿನುಗಿ, ಗುಡ್ಡೆ ಹೊಂಬಣ್ಣದಲ್ಲಿ ತೇಲುತ್ತದೆ. ಬರೀ ಕಾಲು ಪಾಲು ಹೆಚ್ಚಿದ್ದಕ್ಕೆ ಬೇಸರವಿಲ್ಲವೇ ಎಂದು ಕೇಳಿದರೆ, ಹರಿಣಾಕ್ಷಿ ಹಾರೆಗೆ ಒರಗಿ ನಗುತ್ತಾರೆ.

“ಕಮ್ಮಿಯೇ. ಆದರೆ ಅಷ್ಟೂ ಮಣ್ಣಿನದ್ದೇ.”