ಮುಚ್ಚಳಿಕೆ ಬರೆಸಿದ ಅಕ್ಕ

ಪೊಲೀಸ್ ಟೋಪಿ ತೆಗೆದರೆ ಅಕ್ಕನ ಹಣೆ ಎರಡು ಬಣ್ಣದ್ದು. ಮೇಲಿನ ಅರ್ಧ ಗೋಧಿಬಣ್ಣ, ಕೆಳಗಿನ ಅರ್ಧ ಬಂದೋಬಸ್ತಿನ ಬಿಸಿಲಿಗೆ ಸುಟ್ಟು ಕಪ್ಪು. ನಡುವೆ ಗೆರೆ ಎಳೆದಂತಿತ್ತು. ಬಸ್ಸಿನಲ್ಲಿ ಯಾರಾದರೂ ದಿಟ್ಟಿಸಿದರೆ, "ಮ್ಯಾಲಿಂದು ನಮ್ಮವ್ವ ಕೊಟ್ಟಿದ್ದು, ಕೆಳಗಿಂದು ಸರಕಾರದ್ದು" ಎಂದು ತಾವೇ ಹೇಳಿ ನಗಿಸುತ್ತಿದ್ದರು.

ಬೆಟಗೇರಿಯ ನೇಕಾರರ ಮನೆಯ ಮಗಳು. ಗದಗ ಜಿಲ್ಲೆಯ ಬೇರೆ ಬೇರೆ ಠಾಣೆಗಳಲ್ಲಿ ದುಡಿದು ಹೆಡ್ ಕಾನ್‌ಸ್ಟೆಬಲ್ ಆಗಿದ್ದವರು. ಕ್ರಿಮಿನಲ್ ನ್ಯಾಯದಲ್ಲಿ ಪಿಎಚ್.ಡಿ.ಗೆ ನಾನು ನೋಂದಾಯಿಸಿದ ವರ್ಷವೇ ಅವರೂ ನೋಂದಾಯಿಸಿದರು. ಇಬ್ಬರಿಗೂ ಒಬ್ಬರೇ ಗೈಡ್. ಗೈಡ್ ಭೇಟಿಯ ದಿನ ಅವರು ಪಾಳಿ ಮುಗಿಸಿ ನೇರ ಬಸ್ ನಿಲ್ದಾಣಕ್ಕೆ ಬರುತ್ತಿದ್ದರು. ಆ ದಿನಗಳ ದಿನಚರಿಯಲ್ಲಿ ಅವರು ಬುತ್ತಿಗೆ ಏನು ತಂದಿದ್ದರೆಂಬುದನ್ನೂ ಬರೆದಿದ್ದೇನೆ: ರೊಟ್ಟಿ, ಕೆಂಪು ಚಟ್ನಿ, ಒಮ್ಮೊಮ್ಮೆ ಸಿಹಿಗೆ ಮಾದಲಿ. ಪದವಿ ಬಂದರೆ ಪೊಲೀಸ್ ತರಬೇತಿ ಶಾಲೆಗೆ ಹೋಗಿ ಹೊಸ ಹುಡುಗಿಯರಿಗೆ ಪಾಠ ಹೇಳಬೇಕೆಂಬುದು ಅವರ ಆಸೆ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಮುರಿದ ಸಂಸಾರ ಕೂಡಿಸುವವರು ಎಂದು ಅಕ್ಕನಿಗೆ ಇಲಾಖೆಯಲ್ಲಿ ಹೆಸರಿತ್ತು. ಗಂಡ ಹೊಡೆದನೆಂದು ಹೆಂಗಸು ಅಳುತ್ತ ಬಂದರೆ ಸಾಹೇಬರು ಮೊದಲು ಅಕ್ಕನ ಕಡೆ ಕಳಿಸುತ್ತಿದ್ದರು. ಅಕ್ಕ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂಡಿಸಿ, ಚಹಾ ಕುಡಿಸಿ, ಗಂಡನಿಗೆ ಚೆನ್ನಾಗಿ ಬೈದು, ಇನ್ನು ಕೈ ಮಾಡುವುದಿಲ್ಲ ಎಂದು ಅವನಿಂದ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸುತ್ತಿದ್ದರು. ಕೇಸು ದಾಖಲಾಗುತ್ತಿರಲಿಲ್ಲ. ಸಂಶೋಧನೆಗೆ ಆರಿಸಿಕೊಂಡದ್ದೂ ಅದನ್ನೇ: ಹೀಗೆ ರಾಜಿಯಾಗಿ ಹೋದ ಹೆಂಗಸರು ಆಮೇಲೆ ಹೇಗಿದ್ದಾರೆ? ಚೆನ್ನಾಗಿಯೇ ಇರುತ್ತಾರೆ ಎಂದು ನನ್ನೊಡನೆ ಶರತ್ತು ಕಟ್ಟಿದ್ದರು.

ರಜೆಯ ದಿನ ಸೀರೆ ಉಟ್ಟು ಮನೆಮನೆಗೆ ಹೋಗತೊಡಗಿದರು. ಬೇರೆಯವರು ಮಾಡಿಸಿದ ರಾಜಿಗಳ ಜೊತೆ ತಾವು ಮಾಡಿಸಿದವನ್ನೂ ಸೇರಿಸಿಕೊಂಡಿದ್ದರು. ಕೆಲವು ಸಲ ನಾನೂ ಹೋದೆ. ಕುರ್ತಕೋಟಿಯ ಮನೆಯೊಂದರಲ್ಲಿ ಅತ್ತೆ ಸೊಸೆ ಇಬ್ಬರೂ ಸೇರಿ ಊಟ ಹಾಕದೆ ಬಿಡಲಿಲ್ಲ. ಅಕ್ಕ ದಾರಿಯುದ್ದಕ್ಕೂ ನನ್ನನ್ನು ಕಾಡಿದರು: "ಹ್ಯಾಂಗ? ಶರತ್ತು ಯಾರು ಗೆದ್ರು?"

ಡಂಬಳದಲ್ಲಿ ಹಾಗಾಗಲಿಲ್ಲ. ಬಾಗಿಲು ತೆಗೆದ ಹೆಂಗಸು ಅಕ್ಕನ ಗುರುತು ಹಿಡಿದು, ಚಾಪೆ ಹಾಸಿ ಚಹಾ ತಂದಳು. ಎಡಗೈಯಲ್ಲಿ ತಂದಳು. ಬಲಗೈ ಮೊಣಕೈಯಿಂದ ಕೆಳಗೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ನಾವು ಕೇಳುವ ಮೊದಲೇ, ಠಾಣೆಯಿಂದ ತಿರುಗಿ ಬಂದ ವಾರದಲ್ಲೇ ಆದದ್ದು ಎಂದಳು. ಮತ್ತೆ ನನ್ನ ಕಡೆ ಯಾಕೆ ಬರಲಿಲ್ಲ ಎಂದು ಅಕ್ಕ ಕೇಳಿದರು.

"ನೀವು ಅಷ್ಟು ತಿಳಿಸಿ ಹೇಳಿ ಕಳಿಸಿದ್ರಿ ಅಕ್ಕಾರ. ಮತ್ತ ಬಂದ್ರ ನಿಮ್ಮ ಮಾತಿಗೆ ಬೆಲಿ ಏನು ಉಳೀತು?"

ಆ ಮಾತಿನಲ್ಲಿ ಕುಟುಕು ಇರಲಿಲ್ಲ. ಮರ್ಯಾದೆಯಿಂದಲೇ ಹೇಳಿದಳು.

ಗೈಡ್ ಸರ್ ಎಲ್ಲ ಕೇಳಿದರು. ಸಂಶೋಧಕರೇ ಕೈ ಹಾಕಿದ ಪ್ರಕರಣ ಪ್ರಬಂಧದಲ್ಲಿ ಬರಬಾರದು, ನೀವು ಮಾಡಿಸಿದ ರಾಜಿಗಳನ್ನು ಬಿಟ್ಟುಬಿಡಿ, ಉಳಿದವು ಸಾಕು, ಬರುವ ವರ್ಷ ಸಲ್ಲಿಸಬಹುದು ಎಂದರು. ನಿಯಮದ ಪ್ರಕಾರ ಅದು ಸರಿ. ನನಗೂ ಹಾಗೇ ಅನ್ನಿಸಿತು. ತಿರುಗಿ ಬರುವಾಗ ಅಕ್ಕ ಹೇಳಿದರು: "ಬ್ಯಾರೆದವರ ತಪ್ಪು ಬರದು ನಾ ಡಾಕ್ಟರ್ ಆಗೂದು, ನಂದು ಮುಚ್ಚಿಡೂದು. ಆ ಪದವಿ ಹಚ್ಚಿಕೊಂಡು ಆಕಿ ಮನಿ ಮುಂದ ಹ್ಯಾಂಗ ಹಾಯಲಿ?"

ಅವರು ಪ್ರಬಂಧ ಸಲ್ಲಿಸಲಿಲ್ಲ. ಅವಧಿ ಮುಗಿದು ನೋಂದಣಿ ರದ್ದಾಯಿತು. ಡಂಬಳದ ಆ ಹೆಂಗಸನ್ನು ಗದಗಿಗೆ ಕರೆತಂದು ಎಲುಬಿನ ಡಾಕ್ಟರಿಗೆ ತೋರಿಸಿದರು. ತಡವಾಗಿದೆ ಎಂದರಂತೆ. ಠಾಣೆಯಲ್ಲಿ ಜೋಡಿಯನ್ನು ಒಂದೇ ಬೆಂಚಿಗೆ ಕೂಡಿಸುವುದನ್ನು ಬಿಟ್ಟರು. ಹೆಂಗಸನ್ನು ಒಬ್ಬಳನ್ನೇ ಒಳಗೆ ಕರೆದು ಕೇಳಿ, ಅವಳು ಬೇಕೆಂದರೆ ಕೇಸು ದಾಖಲಿಸಲೇಬೇಕೆಂದು ಹಟ ಹಿಡಿಯುತ್ತಿದ್ದರು. ಹಿಂದೆ ಹೊಗಳಿದವರೇ ಈಗ ಅಕ್ಕನನ್ನು ಮನೆ ಮುರಿಯುವವರು ಎಂದರು. ತರಬೇತಿ ಶಾಲೆಯ ಹೊಸ ಹುಡುಗಿಯರಿಗೆ ಅವರು ಹೇಳಬೇಕಿದ್ದ ಪಾಠವನ್ನು ಈಗ ಯಾರೂ ಹೇಳುತ್ತಿಲ್ಲ.

ನನ್ನ ಪದವಿ ಬಂದಾಗ ಬೈಂಡ್ ಮಾಡಿಸಿದ ಪ್ರತಿ ಹಿಡಿದು ಬೆಟಗೇರಿಗೆ ಹೋದೆ. ವಿಚಾರಣೆ ಮುಗಿಯದೆ ಜೈಲಿನಲ್ಲಿರುವವರ ಮನೆಯವರ ಪಾಡು ನನ್ನ ವಿಷಯ. ಅಕ್ಕ ಆಗ ಹಾಸಿಗೆ ಹಿಡಿದಿದ್ದರು. ದಿಂಬಿಗೆ ಒರಗಿ ಪುಟ ತಿರುವುತ್ತ ಶಿರಹಟ್ಟಿಯ ಹೆಂಗಸೊಬ್ಬಳ ಸಂದರ್ಶನದ ಹತ್ತಿರ ನಿಂತರು.

"ಈಕಿ ಗಂಡ ಹೊರಗ ಬಂದನೇನು, ತಂಗಿ?"

ನನಗೆ ಗೊತ್ತಿರಲಿಲ್ಲ. ಸಂದರ್ಶನ ಮುಗಿದ ಮೇಲೆ ಆ ಓಣಿಯಲ್ಲಿ ನನಗೆ ಕೆಲಸವಿರಲಿಲ್ಲ.

"ಹೋಗಿ ಬಾ. ಬಂದು ನನಗ ಹೇಳು."

ರವಿವಾರ ಹೋಗುವುದೆಂದು ದಿನಚರಿಯಲ್ಲಿ ಗುರುತು ಹಾಕಿಕೊಂಡೆ. ಗುರುವಾರ ಅಕ್ಕ ತೀರಿಕೊಂಡರು.

ಹದಿಮೂರನೇ ದಿನ ಕಳೆದ ಮೇಲೆ ಶಿರಹಟ್ಟಿಗೆ ಹೋದೆ. ಆ ಹೆಂಗಸು ಹೊಸ್ತಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. "ಇನ್ನೂ ಬರಕೊಳ್ಳೂದು ಉಳದೈತೇನ್ರಿ?" ಎಂದಳು. ಇಲ್ಲ, ನಿಮ್ಮ ಯಜಮಾನರು ಬಂದರೇ ಎಂದು ಕೇಳಲು ಬಂದೆ ಎಂದೆ. ಅವಳು ಸುಲಿಯುವುದನ್ನು ಬಿಟ್ಟು ಒಳಗೆ ತಿರುಗಿ, ನಿಮ್ಮನ್ನು ಕೇಳಿಕೊಂಡು ಯಾರೋ ಬಂದಿದ್ದಾರೆ ನೋಡಿ ಎಂದು ಕೂಗಿದಳು. ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಗಂಡಸೊಬ್ಬ ಹೊರಗೆ ಬಂದು ಕೈ ಮುಗಿದ.

"ಬಂದಾನ ಅಕ್ಕ" ಎಂದು ಬೆಟಗೇರಿಗೆ ಹೋಗಿ ಹೇಳಬೇಕಿತ್ತು, ಅಷ್ಟೇ.