ಕಾರಿನ ತಲೆಯ ಮೇಲೆ ನಾಲ್ಕು ಹಾಸಿಗೆ

ಈದ್ ರಜೆಗೆ, ನಾವಿದ್ದ ಮರಳುನಾಡಿನ ಥುಕ್ಬಾದಿಂದ ದೂರದ ಬೆಟ್ಟದೂರು ಅಭಾಕ್ಕೆ ಹೊರಟಾಗ, ಅಲ್ಲಿ ಚಳಿಯೆಂದು ಭಾವ ಕಾರಿನ ಕ್ಯಾರಿಯರ್ ಮೇಲೆ ನಾಲ್ಕು ಹತ್ತಿ ಹಾಸಿಗೆ ಕಟ್ಟಿದರು. ಪ್ರತಿ ಟ್ಯಾಂಕ್ ಪೆಟ್ರೋಲಿನ ಲೆಕ್ಕ ಬರೆದಿಡುವ ನಾನು ದಾರಿಯಲ್ಲಿ ಹೇಳಿದೆ: "ಭಾವ, ಲೀಟರಿಗೆ ಹನ್ನೊಂದು ಕಿಲೋಮೀಟರ್ ಓಡುವ ಕಾರು ಇವತ್ತು ಎಂಟೇ ಓಡಿದೆ. ಈ ಪಂಪಿನಲ್ಲೇ ತುಂಬಿಸಿ."

"ಎಂತ ಮಾರಾಯ, ಹತ್ತಿಗೆ ಎಷ್ಟು ಭಾರ?"

"ಭಾರವಲ್ಲ, ಹಾಸಿಗೆ ಗಾಳಿಗೆ ಅಡ್ಡ ನಿಂತಿದೆ."

ಅವರು ನಿಲ್ಲಿಸಲಿಲ್ಲ. ಮುಂದಿನ ಪಂಪ್ ಇನ್ನೂ ದೂರವಿರುವಾಗಲೇ ಪೆಟ್ರೋಲಿನ ಮುಳ್ಳು ಕೆಂಪಿಗೆ ಇಳಿಯಿತು. ಮರಳುಗಾಡಿನಲ್ಲಿ ಇಳಿದು ಹಾಸಿಗೆಗಳನ್ನು ಒಳಗೆ ತುರುಕಿ, ಹಿಂದಿನ ಸೀಟಿನಲ್ಲಿದ್ದ ನಾನು, ಭಾವನ ಇಬ್ಬರು ಮಕ್ಕಳು, ಹೀಗೆ ಮೂವರೂ ಅವುಗಳ ಮೇಲೆ ಮಲಗಿದೆವು. ಮೂಗು ಕಾರಿನ ಮಾಡಿಗೆ ತಾಗುತ್ತಿತ್ತು. ನಕ್ಕು ನಕ್ಕು ಉಸಿರು ಕಟ್ಟಿತು.

"ನಗಬೇಡಿ, ಕಾರು ಕುಲುಕಿದರೆ ಪೆಟ್ರೋಲ್ ಕುಡಿಯುತ್ತದೆ!" ಎಂದು ಭಾವ ಗದರಿದಷ್ಟೂ ನಗು ಹೆಚ್ಚಿತು.

ಅಂತೂ ಪಂಪ್ ಮುಟ್ಟಿದೆವು. ಕಿಟಕಿಯಲ್ಲಿ ಬರೀ ಆರು ಪಾದಗಳನ್ನು ಕಂಡ ಪಂಪಿನವನು ಹಿಂದೆ ಹಾರಿದ.